ಅರುಣಾಚಲ ಪ್ರದೇಶದ ಇತಿಹಾಸ, ಸಮಾಜ, ಜಗಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅರುಣಾಚಲದಲ್ಲಿ ನಿಜವಾಗಿಯೂ ಎಷ್ಟು ಜನ ಇದ್ದಾರೆ?

2011ರ ಜನಗಣತಿಯಂತೆ 13.83 ಲಕ್ಷ. ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿ ನಗರಗಳ ಜನರನ್ನು ಸೇರಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಆದರೆ ಆ ಜನ ಹರಡಿರುವ ನೆಲ 83,743 ಚದರ ಕಿ.ಮೀ. ಅಂದರೆ ಚದರ ಕಿ.ಮೀ.ಗೆ 17 ಮಂದಿ, ದೇಶದಲ್ಲೇ ಅತಿ ಕಡಿಮೆ. ಅದೇ ಗಣತಿಯಲ್ಲಿ ಕರ್ನಾಟಕದ ಲೆಕ್ಕ 319. ಚೀನಾ ಗಡಿಗೆ ತಾಗಿದ ದಿಬಾಂಗ್ ವ್ಯಾಲಿ ಜಿಲ್ಲೆಯ ವಿಸ್ತೀರ್ಣ 9,129 ಚದರ ಕಿ.ಮೀ., ಕೊಡಗಿನ ಎರಡು ಪಟ್ಟಿಗೂ ಹೆಚ್ಚು. ಜನಸಂಖ್ಯೆ ಮಾತ್ರ 8,004.

ಈ ಸರಾಸರಿಯನ್ನು ಪೂರ್ತಿ ನಂಬಬೇಡಿ. ಆಪತಾನಿ ಜನರ ಜೀರೊ ಕಣಿವೆಗೆ ಹೋದರೆ ಮನೆಗೆ ಮನೆ ಅಂಟಿಕೊಂಡ ಹಳ್ಳಿಗಳು ಕಾಣುತ್ತವೆ. ಸುತ್ತ ಒಂದಂಗುಲವೂ ಬಿಡದ ಗದ್ದೆಗಳು. ಗದ್ದೆಯ ನೀರಿನಲ್ಲಿ ಮೀನು, ಬದುವಿನ ಮೇಲೆ ರಾಗಿ. ಎರಡು ದಿನ ನಡೆದು ಬೇರೆ ಕಣಿವೆಗೆ ಇಳಿದರೆ ಹತ್ತು ಮನೆ ಸಿಕ್ಕರೆ ಪುಣ್ಯ.

ಇಷ್ಟೊಂದು ನೆಲವಿದ್ದರೂ ಜನ ಏಕೆ ಕಡಿಮೆ? ಖಾಲಿ ಬಿದ್ದಿದೆಯೇ?

ಖಾಲಿ ಬಿದ್ದಿಲ್ಲ. ಈ ರಾಜ್ಯದ ಬಗ್ಗೆ ಹೊರಗಿನವರು ಮಾಡುವ ಮೊದಲ ತಪ್ಪೇ ಇದು. ದಿಲ್ಲಿಯಲ್ಲಿ ಕುಳಿತು ನಕಾಶೆ ನೋಡುವವರು ಇದೇ ತಪ್ಪನ್ನು ಮತ್ತೆ ಮತ್ತೆ ಮಾಡಿದ್ದಾರೆ. ಮುಂದಿನ ಅರ್ಧ ಪ್ರಶ್ನೆಗಳು ಹುಟ್ಟುವುದೂ ಅಲ್ಲಿಂದಲೇ.

ಬ್ರಹ್ಮಪುತ್ರದ ಬಯಲಿನಿಂದ ಹಿಮಾಲಯದ ನೆತ್ತಿಯವರೆಗೆ ನೆಲ ಗೋಡೆಯಂತೆ ಏರುತ್ತದೆ. ಮಳೆ ವಿಪರೀತ, ಸಮತಟ್ಟು ಜಾಗ ಅಪರೂಪ. ಬಹುತೇಕರ ಕೃಷಿ ಝೂಮ್, ನಮ್ಮ ಮಲೆನಾಡಿನವರು ಕುಮರಿ ಎನ್ನುತ್ತಿದ್ದದ್ದು. ಚಳಿಗಾಲದಲ್ಲಿ ಕಾಡು ಕಡಿದು, ಒಣಗಲು ಬಿಟ್ಟು, ಮಳೆಗೆ ಮುಂಚೆ ಸುಟ್ಟು, ಆ ಬೂದಿಯಲ್ಲಿ ಕೋಲಿನಿಂದ ಗುಳಿ ಮಾಡಿ ಭತ್ತ, ಮೆಕ್ಕೆಜೋಳ, ಸಿರಿಧಾನ್ಯ, ಗೆಡ್ಡೆಗಳನ್ನು ಒಟ್ಟಿಗೆ ಹಾಕುತ್ತಾರೆ. ಎರಡು ಮೂರು ಬೆಳೆಗೆ ಸಾರ ಮುಗಿಯುತ್ತದೆ. ಆಮೇಲೆ ಹತ್ತು ಹದಿನೈದು ವರ್ಷ ಆ ಇಳಿಜಾರನ್ನು ಕಾಡಿಗೆ ಬಿಡಬೇಕು. ಹಾಗಾಗಿ ಒಂದು ಕುಟುಂಬ ಈ ವರ್ಷ ಬಿತ್ತುವ ತುಂಡಿಗೆ ಬೆನ್ನಾಗಿ ಅದರ ಹಲವು ಪಟ್ಟು ಜಾಗ ‘ಸುಮ್ಮನೆ’ ಮಲಗಿರಬೇಕು. ಹೊರಗಿನವರಿಗೆ ಪಾಳು ಎಂದು ಕಾಣುವುದು ಆ ಮನೆಯವರ ಮುಂದಿನ ದಶಕದ ಅನ್ನ. ಯಾವ ತೊರೆಯಿಂದ ಯಾವ ಬಂಡೆಯವರೆಗೆ ಯಾವ ಕುಲದ್ದು ಎಂದು ಊರಿನ ಹಿರಿಯರಿಗೆ ಗೊತ್ತು; ಕಾಗದದಲ್ಲಿ ಮಾತ್ರ ಇಲ್ಲ.

ಇದು ಕೆಡುವುದು ಬಿಡುವಿನ ಅವಧಿ ಇಳಿದಾಗ. ಜನ ಹೆಚ್ಚಿ, ರಸ್ತೆ ಪಕ್ಕದ ಜಾಗಕ್ಕೇ ಎಲ್ಲರೂ ಮುಗಿಬಿದ್ದರೆ ಹದಿನೈದರ ಚಕ್ರ ಐದಾರಕ್ಕೆ ಬರುತ್ತದೆ. ಕಾಡು ಬೆಳೆಯುವುದಿಲ್ಲ, ಬೂದಿ ಸಾಲದು, ಕಳೆ ಹೆಚ್ಚುತ್ತದೆ, ಮಣ್ಣು ತೊರೆಗೆ ಇಳಿಯುತ್ತದೆ.

ಇನ್ನರ್ ಲೈನ್ ಎಂದರೇನು? ಅದು ಬುಡಕಟ್ಟುಗಳ ರಕ್ಷಣೆಗೆ ಬಂದದ್ದೇ?

ಇವತ್ತು ಅದು ರಕ್ಷಣೆಯ ಬೇಲಿ. ಹಾಕಿದಾಗ ಉದ್ದೇಶ ಬೇರೆಯಿತ್ತು.

ಅಸ್ಸಾಮಿನ ಆಹೋಮ್ ರಾಜರು 17ನೇ ಶತಮಾನದಲ್ಲಿ ಬೆಟ್ಟದ ಜನರೊಂದಿಗೆ ‘ಪೋಸಾ’ ಎಂಬ ಒಪ್ಪಂದ ಮಾಡಿಕೊಂಡರು. ತಪ್ಪಲಿನ ಹಳ್ಳಿಗಳಿಂದ ಬೆಟ್ಟದವರು ವರ್ಷಕ್ಕೊಮ್ಮೆ ಇಂತಿಷ್ಟು ಬಟ್ಟೆ, ಉಪ್ಪು, ಕಬ್ಬಿಣದ ಸಾಮಾನು ಪಡೆಯುವ ಹಕ್ಕು ಅದು. ಬದಲಿಗೆ ದಾಳಿ ಮಾಡಬಾರದು. 1826ರ ಯಾಂಡಬೊ ಒಪ್ಪಂದದಿಂದ ಅಸ್ಸಾಮ್ ಬ್ರಿಟಿಷರ ಕೈಗೆ ಬಂತು. ಅವರು ಪೋಸಾವನ್ನು ನಗದಿಗೆ ತಿರುಗಿಸಿದರು. ಚಹಾ ತೋಟಗಾರರು, ರಬ್ಬರ್ ವ್ಯಾಪಾರಿಗಳು, ಆನೆ ಹಿಡಿಯುವವರು ಬೆಟ್ಟದ ಬುಡಕ್ಕೆ ನುಗ್ಗಿದಾಗ ಜಗಳ, ಜಗಳವಾದಾಗ ದಂಡಯಾತ್ರೆ, ದಂಡಯಾತ್ರೆಗೆ ಖರ್ಚು. ಈ ಖರ್ಚು ತಪ್ಪಿಸಲು 1873ರಲ್ಲಿ ಬಂಗಾಳ ಪೂರ್ವ ಗಡಿ ನಿಯಮಾವಳಿ ತಂದರು. ಒಂದು ಗೆರೆ ಎಳೆದು, ಪರವಾನಗಿ ಇಲ್ಲದೆ ಬ್ರಿಟಿಷ್ ಪ್ರಜೆಗಳು ಅದನ್ನು ದಾಟಬಾರದು ಎಂದರು.

ಗೆರೆಯ ಆಚೆ ಆಡಳಿತವಿಲ್ಲ, ತೆರಿಗೆಯಿಲ್ಲ, ಶಾಲೆಯೂ ಇಲ್ಲ. 1911ರ ಮಾರ್ಚ್‌ನಲ್ಲಿ ನೋಯೆಲ್ ವಿಲಿಯಮ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಸಿಯಾಂಗ್ ಕಣಿವೆಯ ಕೊಮ್ಸಿಂಗ್‌ನಲ್ಲಿ ಆದಿ ಜನರ ಕೈಯಲ್ಲಿ ಸತ್ತಾಗ ದೊಡ್ಡ ಸೈನ್ಯ ಒಳಹೊಕ್ಕು ಊರುಗಳನ್ನು ಸುಟ್ಟಿತು. ಗಡಿಯ ಅಳತೆ ಕೆಲಸ ಚುರುಕಾದದ್ದು ಅದರ ನಂತರ.

ಮೆಕ್‌ಮಹೊನ್ ಗೆರೆಯ ವಿವಾದವನ್ನು ಚಿಕ್ಕದಾಗಿ ಹೇಳುವಿರಾ?

1914ರಲ್ಲಿ ಸಿಮ್ಲಾದಲ್ಲಿ ಬ್ರಿಟಿಷ್ ಇಂಡಿಯಾ ಮತ್ತು ಟಿಬೆಟ್ ಪ್ರತಿನಿಧಿಗಳು ಗಡಿಯ ನಕಾಶೆಯನ್ನು, ಅಂದರೆ ಮೆಕ್‌ಮಹೊನ್ ಗೆರೆಯನ್ನು, ಒಪ್ಪಿಕೊಂಡರು. ಚೀನಾ ಸರ್ಕಾರ ಸಿಮ್ಲಾ ಒಪ್ಪಂದವನ್ನು ಅಂಗೀಕರಿಸಲಿಲ್ಲ. ಟಿಬೆಟ್‌ಗೆ ಸ್ವತಂತ್ರವಾಗಿ ಸಹಿ ಹಾಕುವ ಅಧಿಕಾರವೇ ಇರಲಿಲ್ಲ ಎನ್ನುವುದು ಅದರ ವಾದ. ಗೆರೆ ಎಳೆದ ಬ್ರಿಟಿಷರೂ ಆಮೇಲೆ ಎರಡು ದಶಕ ಅದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು.

ತವಾಂಗ್ ಗೆರೆಯ ಈಚೆಗಿದ್ದರೂ ಅಲ್ಲಿನ ಮೊನ್ಪಾ ಜನರಿಂದ ಟಿಬೆಟ್ಟಿನ ಅಧಿಕಾರಿಗಳೇ ಕಂದಾಯ ಎತ್ತುತ್ತಿದ್ದರು. 1951ರ ಫೆಬ್ರವರಿಯಲ್ಲಿ ಮೇಜರ್ ಬಾಬ್ ಖಾತಿಂಗ್ ಅಸ್ಸಾಮ್ ರೈಫಲ್ಸ್ ತುಕಡಿಯೊಂದಿಗೆ ನಡೆದು ಹೋಗಿ ಅಲ್ಲಿ ಭಾರತದ ಆಡಳಿತ ಸ್ಥಾಪಿಸಿದರು. ಗುಂಡು ಹಾರಲಿಲ್ಲ. ಖಾತಿಂಗ್ ಮಣಿಪುರದ ತಂಗ್ಖುಲ್ ನಾಗಾ. ಗಡಿ ಕಾದವರಲ್ಲಿ ಗಡಿಯವರೂ ಇದ್ದರು ಎಂಬುದು ಶಾಲಾ ಪಠ್ಯಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಮಾತು.

ನೇಫಾ ಕಾಲದ ನೀತಿ ಏನಿತ್ತು?

1954ರಲ್ಲಿ ಈ ಪ್ರದೇಶಕ್ಕೆ ನಾರ್ತ್ ಈಸ್ಟ್ ಫ್ರಾಂಟಿಯರ್ ಏಜೆನ್ಸಿ, ನೇಫಾ, ಎಂಬ ಹೆಸರು ಬಂತು. 1965ರವರೆಗೆ ಇದನ್ನು ನೋಡಿಕೊಂಡದ್ದು ಗೃಹ ಇಲಾಖೆಯಲ್ಲ, ವಿದೇಶಾಂಗ ಇಲಾಖೆ. ನೆಹರೂ ಮತ್ತು ಅವರ ಬುಡಕಟ್ಟು ವ್ಯವಹಾರಗಳ ಸಲಹೆಗಾರ ವೆರಿಯರ್ ಎಲ್ವಿನ್ ಅವರ ನಿಲುವು ಸರಳ: ನಿಧಾನ ಹೋಗಿ, ಅಧಿಕಾರಿಗಳನ್ನು ತುಂಬಬೇಡಿ, ನೆಲ-ಕಾಡಿನ ಹಕ್ಕು ಮುಟ್ಟಬೇಡಿ, ಅವರವರ ಪಂಚಾಯ್ತಿಗಳ ಮೂಲಕವೇ ಕೆಲಸ ಮಾಡಿ.

ಮಾತು ಮಾತಾಗಿಯೇ ಉಳಿಯಲಿಲ್ಲ. 1953ರ ಅಕ್ಟೋಬರ್‌ನಲ್ಲಿ ಅಚಿಂಗ್‌ಮೋರಿಯಲ್ಲಿ ತಾಗಿನ್ ಜನರು ಅಸ್ಸಾಮ್ ರೈಫಲ್ಸ್ ತಂಡವೊಂದರ ಹಲವರನ್ನು ಕೊಂದರು. ಬ್ರಿಟಿಷರ ರೂಢಿಯಂತೆ ಬಾಂಬು ಹಾಕಿ ಊರು ಸುಡುವ ಬದಲು, ಸರ್ಕಾರ ತಪ್ಪಿತಸ್ಥರನ್ನು ಹಿಡಿದು ವಿಚಾರಣೆಗೆ ಒಳಪಡಿಸಿತು. ಪಕ್ಕದ ನಾಗಾ ಬೆಟ್ಟಗಳಲ್ಲಿ ಆದ ಸಶಸ್ತ್ರ ಬಂಡಾಯಕ್ಕೆ ಹೋಲಿಸಿದರೆ ಅರುಣಾಚಲದ ದಾರಿ ಏಕೆ ಬೇರೆಯಾಯಿತು ಎನ್ನುವುದಕ್ಕೆ ಈ ಒಂದು ತೀರ್ಮಾನ ಅರ್ಧ ಉತ್ತರ.

1945ರ ಅಸ್ಸಾಮ್ ಗಡಿ ನ್ಯಾಯಾಡಳಿತ ನಿಯಮಾವಳಿಯೂ ಇನ್ನೊಂದು ಆಸರೆ. ಅದರಡಿ ಊರಿನ ವ್ಯಾಜ್ಯಗಳನ್ನು ‘ಗಾಂವ್ ಬುಢಾ’ ಎಂಬ ಹಿರಿಯರು ಸಂಪ್ರದಾಯದಂತೆ ಬಗೆಹರಿಸುತ್ತಾರೆ. ಸರ್ಕಾರ ಕೊಡುವ ಕೆಂಪು ಕೋಟು ಅವರ ಗುರುತು. ಆದಿಗಳ ಕೆಬಾಂಗ್, ಆಪತಾನಿಗಳ ಬುಲ್ಯಾಂಗ್ ಎಂಬ ಹಿರಿಯರ ಸಭೆಗಳು ಇವತ್ತಿಗೂ ಕೂಡುತ್ತವೆ. ದಂಡವನ್ನು ಮಿಥುನ್‌ಗಳಲ್ಲಿ ಎಣಿಸುವುದುಂಟು. ಮಿಥುನ್ ಎಂದರೆ ಕಾಟಿಯನ್ನು ಹೋಲುವ, ಕಾಡಿನಲ್ಲೇ ಮೇಯಲು ಬಿಡುವ ಸಾಕುಪ್ರಾಣಿ.

1962ರ ಯುದ್ಧದಿಂದ ಸ್ಥಳೀಯರ ಬದುಕಿನಲ್ಲಿ ಏನು ಬದಲಾಯಿತು?

ಯುದ್ಧ ಅಕ್ಟೋಬರ್ 20ಕ್ಕೆ ಶುರುವಾಗಿ ನವೆಂಬರ್ 21ಕ್ಕೆ ನಿಂತಿತು. ತವಾಂಗ್, ಸೇಲಾ, ಬೊಮ್ಡಿಲಾ ಒಂದರ ಹಿಂದೆ ಒಂದು ಬಿದ್ದವು. ಪೂರ್ವದ ವಾಲಾಂಗ್‌ನಲ್ಲಿ ಮಾತ್ರ ಕೆಲ ವಾರ ಗಟ್ಟಿ ಹೋರಾಟ ನಡೆಯಿತು. ಚೀನಾ ಸೈನ್ಯ ಬಂದ ಹಾಗೆಯೇ ಹಿಂದಿರುಗಿತು.

ಅದರೊಂದಿಗೆ ‘ನಿಧಾನ ಹೋಗಿ’ ನೀತಿಯೂ ಹೋಯಿತು. ಜನ ವಿರಳವಾಗಿರುವ ಗಡಿ ಅಪಾಯ ಎಂಬ ಭಾವನೆ ದಿಲ್ಲಿಯಲ್ಲಿ ಗಟ್ಟಿಯಾಯಿತು. ಸೈನ್ಯದ ರಸ್ತೆ, ಸೈನ್ಯಕ್ಕೆ ಜಮೀನು, ಹಿಂದಿ ಮೇಷ್ಟ್ರು, ಮತ್ತು ಹೊರಗಿನಿಂದ ತಂದು ನೆಲೆಗೊಳಿಸಿದ ಜನ. 1972ರ ಜನವರಿ 20ಕ್ಕೆ ಅರುಣಾಚಲ ಪ್ರದೇಶ ಎಂಬ ಹೆಸರಿನಲ್ಲಿ ಕೇಂದ್ರಾಡಳಿತ ಪ್ರದೇಶವಾಯಿತು. 1987ರ ಫೆಬ್ರವರಿ 20ಕ್ಕೆ ರಾಜ್ಯ.

ಚಕ್ಮಾ-ಹಾಜೊಂಗ್ ಸಮಸ್ಯೆ ಏಕೆ ಬಗೆಹರಿಯುತ್ತಿಲ್ಲ?

ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಬೆಟ್ಟಗಳಲ್ಲಿ ಕಪ್ತಾಯಿ ಅಣೆಕಟ್ಟಿನಿಂದ ಮುಳುಗಡೆಯಾದ ಬೌದ್ಧ ಚಕ್ಮಾ ಜನ, ಮೈಮನ್‌ಸಿಂಗ್ ಕಡೆಯ ಹಾಜೊಂಗ್ ಹಿಂದೂಗಳು ಅಸ್ಸಾಮಿಗೆ ಬಂದರು. 1964ರಿಂದ 69ರ ನಡುವೆ 2,748 ಕುಟುಂಬಗಳನ್ನು, ಅಂದರೆ 14,888 ಜನರನ್ನು, ನೇಫಾದಲ್ಲಿ ನೆಲೆಗೊಳಿಸಿದರು. ಬಹುಪಾಲು ಇಂದಿನ ಚಾಂಗ್ಲಾಂಗ್ ಜಿಲ್ಲೆಯಲ್ಲಿ. ಆಗಿನ ಆಡಳಿತದ ಕಣ್ಣಿಗೆ ಅದು ಖಾಲಿ ಜಾಗ. ಸ್ಥಳೀಯರನ್ನು ಯಾರೂ ಕೇಳಲಿಲ್ಲ. ಕೇಳಲು ಆಗ ಚುನಾಯಿತ ಸಭೆಯೂ ಇರಲಿಲ್ಲ.

1996ರಲ್ಲಿ ಸುಪ್ರೀಂ ಕೋರ್ಟ್ ಇವರ ಜೀವ, ಆಸ್ತಿಗೆ ರಾಜ್ಯ ರಕ್ಷಣೆ ಕೊಡಬೇಕು, ಪೌರತ್ವದ ಅರ್ಜಿಗಳನ್ನು ಮುಂದಕ್ಕೆ ಕಳಿಸಬೇಕು ಎಂದಿತು. 2015ರಲ್ಲಿ ಮತ್ತೆ ಮೂರು ತಿಂಗಳ ಗಡುವು ಕೊಟ್ಟಿತು. ಗಡುವು ಮುಗಿದು ಹಲವು ವರ್ಷವಾಗಿದೆ. ವಿದ್ಯಾರ್ಥಿ ಸಂಘಟನೆ ಆಪ್ಸು ದಶಕಗಳಿಂದ ವಿರೋಧಿಸುತ್ತ ಬಂದಿದೆ.

ಇಲ್ಲಿ ಎರಡೂ ಕಡೆಯವರ ಭಯ ನಿಜವಾದದ್ದು. ಚಕ್ಮಾ ಯುವಕರಲ್ಲಿ ಬಹುಪಾಲು ಇಲ್ಲೇ ಹುಟ್ಟಿದವರು. ಅವರಿಗೆ ಹಿಂದಿರುಗಲು ಊರಿಲ್ಲ. ಇನ್ನೊಂದು ಕಡೆ, ಕೆಲವೇ ಸಾವಿರ ಜನರಿರುವ ಬುಡಕಟ್ಟಿನ ಪಕ್ಕದಲ್ಲಿ ಕೆಲವು ಹತ್ತು ಸಾವಿರ ಮತದಾರರು ಸೇರಿದರೆ ಶಾಸಕ ಯಾರಾಗುತ್ತಾರೆ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಜನ ವಿರಳವಾದಷ್ಟೂ ಒಂದೊಂದು ತಲೆಯ ತೂಕ ಹೆಚ್ಚು.

2019ರ ಫೆಬ್ರವರಿಯ ಇಟಾನಗರ ಗಲಭೆಯೂ ಇದೇ ಲೆಕ್ಕದ ಮೇಲೆ ನಡೆದದ್ದು. ನಾಮ್‌ಸಾಯ್, ಚಾಂಗ್ಲಾಂಗ್ ಜಿಲ್ಲೆಗಳಲ್ಲಿ ಬಹುಕಾಲದಿಂದ ಇರುವ ಆರು ಸಮುದಾಯಗಳಿಗೆ ಶಾಶ್ವತ ನಿವಾಸಿ ಪ್ರಮಾಣಪತ್ರ ಕೊಡುವ ಪ್ರಸ್ತಾವ ಬಂದಾಗ ಊರು ಹೊತ್ತಿ ಉರಿಯಿತು, ಉಪಮುಖ್ಯಮಂತ್ರಿಯ ಮನೆಗೆ ಬೆಂಕಿ ಬಿತ್ತು, ಪ್ರಾಣಗಳು ಹೋದವು. ಸರ್ಕಾರ ಪ್ರಸ್ತಾವ ಕೈಬಿಟ್ಟಿತು.

ಅಲ್ಲಿ ಹಿಂದಿ ಅಷ್ಟು ಚೆನ್ನಾಗಿ ಹೇಗೆ ಬಂತು? ಸ್ಥಳೀಯ ನುಡಿಗಳ ಗತಿ?

26 ಪ್ರಮುಖ ಬುಡಕಟ್ಟು, ನೂರಕ್ಕೂ ಮೀರಿದ ಉಪಪಂಗಡ. ಪಕ್ಕದ ಕಣಿವೆಯವರ ಮಾತು ಅರ್ಥವಾಗದೆ ಇರಬಹುದು. ಮೊದಲು ನಡುವಿನ ನುಡಿಯಾಗಿ ಅಸ್ಸಾಮಿ ಇತ್ತು, ಶಾಲೆಯಲ್ಲೂ ಅದೇ. 1970ರ ದಶಕದಲ್ಲಿ ಶಾಲೆಗಳು ಇಂಗ್ಲಿಷಿಗೆ ತಿರುಗಿದವು. ಸೈನ್ಯ, ಮೇಷ್ಟ್ರು, ಅಂಗಡಿ, ಸಿನಿಮಾ ಎಲ್ಲ ಸೇರಿ ಹಿಂದಿಯನ್ನು ಬೀದಿಯ ಮಾತಾಗಿಸಿದವು. ಲಿಂಗ-ವಚನದ ಕಾಟವನ್ನೆಲ್ಲ ಕಳಚಿಕೊಂಡ ಆ ಹಿಂದಿ ಕೇಳಲು ಬಲು ಸಲೀಸು. ಮನೆಯಲ್ಲೂ ಅದೇ ನುಡಿಯಾಡುವ ಮಕ್ಕಳ ಪೀಳಿಗೆ ಈಗ ಇಟಾನಗರದಲ್ಲಿ ಬೆಳೆದು ನಿಂತಿದೆ. ಅಜ್ಜಿಯೊಡನೆ ಮಾತಾಡಲು ಅದಕ್ಕೆ ದುಭಾಷಿ ಬೇಕು.

ಎದುರು ಪ್ರಯತ್ನವೂ ಇದೆ. ಲೊಂಗ್ಡಿಂಗ್ ಜಿಲ್ಲೆಯ ವಾಂಚೊ ನುಡಿಗೆ ಬನ್ವಾಂಗ್ ಲೊಸು ಎಂಬ ಶಿಕ್ಷಕರು ಸ್ವಂತ ಲಿಪಿಯನ್ನೇ ರೂಪಿಸಿದರು. 2019ರಲ್ಲಿ ಅದು ಯೂನಿಕೋಡ್ ಸೇರಿತು.

ಧರ್ಮದ ವಿಷಯದಲ್ಲಿ ಇಷ್ಟು ಬಿಸಿ ಏಕೆ?

1971ರಲ್ಲಿ ಕ್ರೈಸ್ತರು ಶೇ 1ಕ್ಕಿಂತ ಕಡಿಮೆ. 2011ರಲ್ಲಿ ಶೇ 30.26, ರಾಜ್ಯದ ಅತಿ ದೊಡ್ಡ ಗುಂಪು. ಹಿಂದೂಗಳು ಶೇ 29, ದೋನ್ಯಿ-ಪೋಲೊ ಮುಂತಾದ ಮೂಲ ನಂಬಿಕೆಯವರು ಶೇ 26, ಬೌದ್ಧರು ಶೇ 12ರ ಹತ್ತಿರ.

ಹೊರಗಿನ ಮಿಷನರಿಗಳಿಗೆ ನೇಫಾ ಬಾಗಿಲು ಮುಚ್ಚಿತ್ತಲ್ಲ, ಮತ್ತೆ ಹೇಗಾಯಿತು? ಓದಲೆಂದು ಅಸ್ಸಾಮಿನ ಗಡಿ ಪಟ್ಟಣಗಳ ಮಿಷನ್ ಶಾಲೆಗಳಿಗೆ ಹೋದ ಹುಡುಗರು ನಂಬಿಕೆಯನ್ನು ತಾವೇ ಹೊತ್ತು ತಂದರು. ತಮ್ಮದೇ ನುಡಿಯಲ್ಲಿ, ತಮ್ಮದೇ ಕುಲದವರಿಗೆ ಹೇಳಿದರು. ಇನ್ನೊಂದು ಕಾರಣವನ್ನು ಪುಸ್ತಕದ ಪಂಡಿತರಿಗಿಂತ ಊರಿನವರು ಚೆನ್ನಾಗಿ ಹೇಳುತ್ತಾರೆ: ಕಾಯಿಲೆ ಬಿದ್ದಾಗ ಹಳೆಯ ಪದ್ಧತಿಯಲ್ಲಿ ಕೋಳಿ, ಹಂದಿ, ಕೊನೆಗೆ ಮಿಥುನ್ ಬಲಿ ಕೊಡುತ್ತ ಹೋದರೆ ಮನೆ ಬರಿದಾಗುತ್ತದೆ, ಪ್ರಾರ್ಥನೆಗೆ ಖರ್ಚಿಲ್ಲ.

1978ರಲ್ಲಿ ಬಲವಂತದ ಮತಾಂತರ ತಡೆಯುವ ಕಾಯ್ದೆ ಬಂತು. ನಿಯಮಗಳನ್ನೇ ರೂಪಿಸದ ಕಾರಣ ನಾಲ್ಕು ದಶಕ ಅದು ಕಪಾಟಿನಲ್ಲಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಗುವಾಹಟಿ ಹೈಕೋರ್ಟ್ ಆರು ತಿಂಗಳೊಳಗೆ ನಿಯಮ ಅಂತಿಮಗೊಳಿಸಲು ಹೇಳಿದ ಮೇಲೆ ವಿಷಯ ಬೀದಿಗೆ ಬಂತು: ಒಂದೆಡೆ ಚರ್ಚ್ ಸಂಘಟನೆಗಳ ಪ್ರತಿಭಟನೆ, ಇನ್ನೊಂದೆಡೆ ಮೂಲ ನಂಬಿಕೆಯವರ ಮೆರವಣಿಗೆ. ಆದಿ ಚಿಂತಕ ತಾಲೊಮ್ ರುಕ್ಬೊ 1980ರ ದಶಕದಲ್ಲಿ ದೋನ್ಯಿ-ಪೋಲೊಗೆ, ಅಂದರೆ ಸೂರ್ಯ-ಚಂದ್ರರ ನಂಬಿಕೆಗೆ, ಪ್ರಾರ್ಥನಾ ಮಂದಿರ ಮತ್ತು ಸಾಮೂಹಿಕ ಹಾಡುಗಳ ರೂಪ ಕೊಟ್ಟರು. ಚರ್ಚನ್ನು ಎದುರಿಸಲು ಹೊರಟ ಚಳವಳಿ ವಾರದ ಸಭೆಯನ್ನು ಚರ್ಚಿನಿಂದಲೇ ಕಲಿತದ್ದು ಸ್ವಾರಸ್ಯ.

ಅಣೆಕಟ್ಟುಗಳನ್ನು ಜನ ಏಕೆ ವಿರೋಧಿಸುತ್ತಾರೆ? ಮುಳುಗುವ ಮನೆಗಳು ಕೆಲವೇ ಅಲ್ಲವೇ?

‘ಕೆಲವೇ ಮನೆ’ ಎಂಬ ವಾದ ಮೇಲೆ ಹೇಳಿದ ‘ಖಾಲಿ ಜಾಗ’ದ ತಮ್ಮ. ದಿಬಾಂಗ್ ಯೋಜನೆಯ ಸಾಮರ್ಥ್ಯ 2,880 ಮೆಗಾವಾಟ್, ಅಣೆಯ ಎತ್ತರ 278 ಮೀಟರ್. ಆ ಕಣಿವೆಗಳ ಇದು ಮಿಶ್ಮಿ ಜನ ಒಟ್ಟು ಸುಮಾರು 12,000. (‘ಇದು’ ಇಲ್ಲಿ ಬುಡಕಟ್ಟಿನ ಹೆಸರು, ಸರ್ವನಾಮವಲ್ಲ.) ಅಲ್ಲಿ ಒಂದರ ಮೇಲೊಂದು ಯೋಜನೆ ಬಂದರೆ ಮುಳುಗುವ ಮನೆಗಳಿಗಿಂತ ಹೆಚ್ಚಿನ ಭಯ, ವರ್ಷಗಟ್ಟಲೆ ಬಂದು ನೆಲೆಸುವ ಕೂಲಿ ಕಾರ್ಮಿಕರ ಸಂಖ್ಯೆಯದು, ಇಡೀ ಬುಡಕಟ್ಟು ತನ್ನ ನೆಲದಲ್ಲೇ ಅಲ್ಪಸಂಖ್ಯಾತವಾಗುತ್ತದೆ. ಅದೇ ಕಣಿವೆಯ 3,097 ಮೆಗಾವಾಟ್‌ನ ಎಟಾಲಿನ್ ಪ್ರಸ್ತಾವವನ್ನು ಕೇಂದ್ರದ ಅರಣ್ಯ ಸಲಹಾ ಸಮಿತಿ 2022ರ ಕೊನೆಗೆ ಆ ರೂಪದಲ್ಲಿ ಒಪ್ಪಲಿಲ್ಲ.

ಕೆಳದಂಡೆಯ ಅಸ್ಸಾಮಿನವರ ತಕರಾರು ಬೇರೆ. ಚಳಿಗಾಲದಲ್ಲಿ ನದಿ ಸಣ್ಣದು. ಹಗಲೆಲ್ಲ ನೀರು ಹಿಡಿದಿಟ್ಟು ಸಂಜೆ ಬೇಡಿಕೆಯ ಹೊತ್ತಿಗೆ ಟರ್ಬೈನುಗಳನ್ನು ಒಟ್ಟಿಗೆ ಓಡಿಸಿದರೆ, ಮಧ್ಯಾಹ್ನ ಮರಳು ಕಾಣುವ ಹೊಳೆ ರಾತ್ರಿ ಮಳೆಗಾಲದಂತೆ ಬರುತ್ತದೆ. ಮೀನು, ನದಿಯೊಳಗಿನ ಮರಳುದಿಬ್ಬಗಳ ಬೇಸಾಯ, ದನ ಎಲ್ಲಕ್ಕೂ ಪೆಟ್ಟು. 2,000 ಮೆಗಾವಾಟ್‌ನ ಕೆಳ ಸುಬನ್ಸಿರಿ ಕಾಮಗಾರಿ ಇದೇ ವಿರೋಧದಿಂದ 2011ರ ಕೊನೆಯಿಂದ 2019ರವರೆಗೆ ನಿಂತಿತ್ತು. 2023ರ ಅಕ್ಟೋಬರ್‌ನಲ್ಲಿ ಭೂಕುಸಿತ ನದಿಯ ನೀರನ್ನು ತಿರುಗಿಸುವ ಸುರಂಗವನ್ನು ಮುಚ್ಚಿದಾಗ ಕೆಳಗೆ ಹೊಳೆ ಬಹುತೇಕ ಬತ್ತಿಹೋಯಿತು. ನೆಲವೂ ಗಟ್ಟಿಯಲ್ಲ: 1950ರ ಆಗಸ್ಟ್ 15ರ 8.6 ತೀವ್ರತೆಯ ಭೂಕಂಪ ಈ ಮಿಶ್ಮಿ ಬೆಟ್ಟಗಳ ಹತ್ತಿರದ್ದೇ.

ಸಿಯಾಂಗ್ ನದಿಗೆ ಇನ್ನೂ ದೊಡ್ಡದು, ಸುಮಾರು 11,000 ಮೆಗಾವಾಟ್‌ನ ಯೋಜನೆ ಇದೆ. ಅದೇ ನದಿಗೆ ಮೇಲೆ ಟಿಬೆಟ್ಟಿನಲ್ಲಿ ಚೀನಾ 2025ರ ಜುಲೈಯಲ್ಲಿ ದೈತ್ಯ ಅಣೆಕಟ್ಟಿನ ಕೆಲಸ ಶುರು ಮಾಡಿದೆ. ಅದಕ್ಕೆ ಉತ್ತರ ನಮ್ಮದು ಎಂಬುದು ಸರ್ಕಾರದ ವಾದ. ಚೀನಾದ ಅಣೆ ನಿಜವಾದ ಆತಂಕವೇ. ಹಾಗೆಂದು ಸಮೀಕ್ಷೆಗೆ ಪೊಲೀಸ್ ಪಡೆ ಕಳಿಸಿದರೆ ಆದಿ ರೈತರ ಅನುಮಾನ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಪರಿಹಾರದ ಹಣದಲ್ಲಿ ಜಗಳ ಏಕೆ?

ಪಹಣಿ ಇಲ್ಲ, ಸರ್ವೆ ನಂಬರ್ ಇಲ್ಲ. ಕುಲದ ಜಾಗವನ್ನು ಯಾರ ಹೆಸರಿಗೆ ಬರೆಯುವುದು? ಅಧಿಕಾರಿ ಬಂದಾಗ ಇಟಾನಗರದಲ್ಲಿರುವ ಓದಿದ ಅಣ್ಣ ಸಹಿ ಹಾಕುತ್ತಾನೆ. ಊರಲ್ಲಿ ಉಳಿದವನಿಗೆ ಸಿಗುವುದು ಸುದ್ದಿ. ರಸ್ತೆಯ ಗುರುತು ಬಿದ್ದ ಮೇಲೆ ಅದೇ ಸಾಲಿನಲ್ಲಿ ರಾತ್ರೋರಾತ್ರಿ ತಗಡಿನ ಮನೆ, ಏಲಕ್ಕಿ ಗಿಡ ಏಳುವುದೂ ಉಂಟು. 2000ದ ಭೂದಾಖಲೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿ ಸ್ಥಳೀಯರಿಗೆ ಮಾಲೀಕತ್ವದ ದಾರಿ ತೆರೆಯಿತು. ಸಾಮೂಹಿಕ ಜಾಗ ಬಲಾಢ್ಯರ ಸ್ವಂತದ್ದಾಗುವ ದಾರಿಯೂ ಅದೇ.

ಮಹಿಳೆಯರ ಸ್ಥಿತಿ?

ದುಡಿಮೆಯಲ್ಲಿ ಮುಂದೆ, ಆಸ್ತಿಯಲ್ಲಿ ಹಿಂದೆ. ಬಹುತೇಕ ಬುಡಕಟ್ಟುಗಳ ಸಂಪ್ರದಾಯದಲ್ಲಿ ಹೆಣ್ಣಿಗೆ ಜಮೀನಿನ ಪಾಲಿಲ್ಲ. ವಧುದಕ್ಷಿಣೆಯಾಗಿ ಮಿಥುನ್ ಕೊಟ್ಟ ಮದುವೆಯಿಂದ ಹೊರಬರಬೇಕಾದರೆ ತವರಿನವರು ಆ ಮಿಥುನ್‌ಗಳನ್ನು ಹಿಂದಿರುಗಿಸಬೇಕಾಗುವುದರಿಂದ, ಮಗಳ ಸಂಕಟ ಕೇಳಿಸಿಕೊಳ್ಳಲು ತವರೇ ಹಿಂಜರಿಯುತ್ತದೆ. ಬಹುಪತ್ನಿತ್ವಕ್ಕೂ ಕೆಲವೆಡೆ ಇನ್ನೂ ಮಾನ್ಯತೆ ಇದೆ. 2021ರಲ್ಲಿ ರಾಜ್ಯ ಮಹಿಳಾ ಆಯೋಗ ಮದುವೆ-ಉತ್ತರಾಧಿಕಾರದ ಕರಡು ಮಸೂದೆ ಮುಂದಿಟ್ಟಿತು. ಹೊರಗಿನವರನ್ನು ಮದುವೆಯಾದವಳಿಗೂ ಆಸ್ತಿ ಎಂಬ ಅಂಶಕ್ಕೆ ಗದ್ದಲವಾಗಿ ಅದು ಅಲ್ಲೇ ನಿಂತಿತು.

ಅಫೀಮು?

ಸ್ಥಳೀಯರ ಮಾತಿನಲ್ಲಿ ‘ಕಾನಿ’. ಅಂಜಾವ್, ಲೋಹಿತ್ ಕಡೆ ಹಳೆಯ ರೂಢಿ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮರ ಕಡಿತಕ್ಕೆ ತಡೆ ಹಾಕಿ ಗರಗಸದ, ಪ್ಲೈವುಡ್ ಮಿಲ್ಲುಗಳನ್ನು ಮುಚ್ಚಿಸಿದಾಗ ಕೂಲಿ ಒಂದೇ ಏಟಿಗೆ ಹೋಯಿತು. ಕಾಡು ಉಳಿಸಲು ಆ ಆದೇಶ ಬೇಕಿತ್ತು, ಆದರೆ ಬದಲಿ ದುಡಿಮೆ ಬರಲಿಲ್ಲ. ಒಂದು ಚೀಲದಲ್ಲಿ ಬೆನ್ನ ಮೇಲೆ ಹೊತ್ತು ತರಬಹುದಾದ, ಕೊಳೆಯದ, ದುಬಾರಿ ಬೆಳೆ ಮತ್ತಷ್ಟು ಹಬ್ಬಿತು. ಗಿಡ ಕಡಿದು ಹೋಗುವ ಪೊಲೀಸರಿಗಿಂತ ದೊಡ್ಡ ಏಲಕ್ಕಿಗೆ ಸಿಗುವ ಬೆಲೆ ಮತ್ತು ಅದನ್ನು ಸಾಗಿಸುವ ರಸ್ತೆ ಹೆಚ್ಚು ಕೆಲಸ ಮಾಡಿವೆ.

ಗೆದ್ದ ಶಾಸಕರೆಲ್ಲ ಒಟ್ಟಿಗೆ ಪಕ್ಷ ಬದಲಿಸುವುದು ಹೇಗೆ?

60 ಕ್ಷೇತ್ರ, 2024ರಲ್ಲಿ ಸುಮಾರು 9 ಲಕ್ಷ ಮತದಾರರು. ಕ್ಷೇತ್ರಕ್ಕೆ ಸರಾಸರಿ 15 ಸಾವಿರ. ಮತ ಬೀಳುವುದು ಕುಲಕ್ಕೆ, ವ್ಯಕ್ತಿಗೆ. ರಾಜ್ಯದ ಖಜಾನೆ ತುಂಬುವುದು ಕೇಂದ್ರದಿಂದ. ದಿಲ್ಲಿಯಲ್ಲಿ ಯಾರಿದ್ದಾರೋ ಅವರೊಂದಿಗಿರುವುದು ಇಲ್ಲಿ ಲಜ್ಜೆಯ ವಿಷಯವೇ ಅಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಪೆಮಾ ಖಂಡು ಕಾಂಗ್ರೆಸ್ಸಿನ 43 ಶಾಸಕರ ಗುಂಪಿನೊಂದಿಗೆ ಪ್ರಾದೇಶಿಕ ಪಕ್ಷ ಸೇರಿ, ಡಿಸೆಂಬರ್‌ನಲ್ಲಿ ಬಿಜೆಪಿಗೆ ಹೋದರು. 2024ರಲ್ಲಿ ಅವರೂ ಸೇರಿ ಹತ್ತು ಮಂದಿ ಅವಿರೋಧ ಆಯ್ಕೆಯಾದರು. ಅದೇ ರಾಜ್ಯದಲ್ಲಿ, ಅಂಜಾವ್ ಜಿಲ್ಲೆಯ ಮಾಲೊಗಾಮ್‌ನಲ್ಲಿ ಒಬ್ಬರೇ ಮಹಿಳಾ ಮತದಾರರಿಗಾಗಿ ಚುನಾವಣಾ ಸಿಬ್ಬಂದಿ ಬೆಟ್ಟ ಹತ್ತಿ ಮತಗಟ್ಟೆ ತೆರೆಯುತ್ತಾರೆ.

ಕರ್ನಾಟಕಕ್ಕೂ ಅರುಣಾಚಲಕ್ಕೂ ಏನಾದರೂ ನಂಟಿದೆಯೇ?

ಎರಡು. 1959ರ ಮಾರ್ಚ್ 31ರಂದು ದಲಾಯಿ ಲಾಮಾ ಭಾರತಕ್ಕೆ ಕಾಲಿಟ್ಟದ್ದು ತವಾಂಗ್ ದಾರಿಯಲ್ಲಿ. ಅವರ ಹಿಂದೆ ಬಂದ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ನೆಲ ಸಿಕ್ಕಿತು. ಇನ್ನೊಂದು ಅಷ್ಟು ಹೆಮ್ಮೆಯದಲ್ಲ. 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳ ವದಂತಿಗೆ ಹೆದರಿ ಸಾವಿರಾರು ಈಶಾನ್ಯದವರು ಬೆಂಗಳೂರು ರೈಲು ನಿಲ್ದಾಣದಲ್ಲಿ ಮುಗಿಬಿದ್ದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ‘ನೇಪಾಳವಾ, ಚೀನಾವಾ?’ ಎಂಬ ಪ್ರಶ್ನೆ ನಮ್ಮ ಪಿಜಿ, ಆಟೋಗಳಲ್ಲಿ ಇನ್ನೂ ನಿಂತಿಲ್ಲ.

ಅಲ್ಲಿ ಜಾಗ ಕೊಂಡು ಹೋಂಸ್ಟೇ ಮಾಡಬಹುದೇ?

ಆಗದು. ಅಲ್ಲಿನ ಪರಿಶಿಷ್ಟ ಬುಡಕಟ್ಟಿನವರಲ್ಲದವರು ಜಮೀನು ಕೊಳ್ಳುವಂತಿಲ್ಲ. ಸ್ಥಳೀಯರ ಹೆಸರಲ್ಲಿ ವ್ಯಾಪಾರ ಪರವಾನಗಿ ಪಡೆದು ಹಿಂದೆ ಹೊರಗಿನವರು ನಡೆಸುವ ಅಂಗಡಿಗಳುಂಟು. ತಕರಾರಾದರೆ ಕಾಗದ ಯಾರದ್ದೋ ಅಂಗಡಿಯೂ ಅವರದ್ದು.

ಪ್ರವಾಸಕ್ಕೆ ಹೋಗಲು ಪರವಾನಗಿ ಹೇಗೆ?

ಹೊರರಾಜ್ಯದ ಭಾರತೀಯರಿಗೆ ಇನ್ನರ್ ಲೈನ್ ಪರ್ಮಿಟ್, ಐಎಲ್‌ಪಿ, ಬೇಕೇ ಬೇಕು. ರಾಜ್ಯ ಸರ್ಕಾರದ ಇ-ಐಎಲ್‌ಪಿ ಜಾಲತಾಣದಲ್ಲಿ ಭಾವಚಿತ್ರ, ಗುರುತಿನ ಚೀಟಿ ಹಾಕಿ, ದಿನಾಂಕ, ಒಳಹೋಗುವ ಗೇಟು ಮತ್ತು ನೋಡುವ ಊರುಗಳನ್ನು ತುಂಬಿ ಶುಲ್ಕ ಕಟ್ಟಬೇಕು. ತವಾಂಗ್ ಕಡೆಗೆ ಭಾಲುಕ್‌ಪೊಂಗ್, ಇಟಾನಗರಕ್ಕೆ ಬಂದರ್‌ದೇವಾ ಅಥವಾ ಹೊಲೊಂಗಿ ಗೇಟು.

ಎಡವುವುದು ಸಣ್ಣ ವಿಷಯಗಳಲ್ಲಿ: ಹೆಸರಿನ ಇನಿಷಿಯಲ್ ಗುರುತಿನ ಚೀಟಿಯಲ್ಲಿ ಒಂದು ಥರ, ಅರ್ಜಿಯಲ್ಲಿ ಇನ್ನೊಂದು ಥರ ಇರುವುದು; ಹೋಗುವ ಊರನ್ನು ಬರೆಯದೆ ಬಿಡುವುದು; ಭೂಕುಸಿತಕ್ಕೆಂದು ಹೆಚ್ಚುವರಿ ಎರಡು ದಿನ ಸೇರಿಸದಿರುವುದು. ಗೇಟಿನಲ್ಲಿ ನೆಟ್‌ವರ್ಕ್ ನಂಬಬೇಡಿ, ಎರಡು ಮೂರು ಪ್ರತಿ ಮುದ್ರಿಸಿಕೊಳ್ಳಿ. ತವಾಂಗ್‌ನಿಂದ ಬುಮ್ ಲಾ ಕಣಿವೆದಾರಿಗೆ ಪ್ರತ್ಯೇಕ ಅನುಮತಿ ಬೇಕು, ಅದನ್ನು ಅಲ್ಲೇ ಮಾಡಿಸಬೇಕು. ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರಿಗೆ ಐಎಲ್‌ಪಿ ಅಲ್ಲ, ಸಂರಕ್ಷಿತ ಪ್ರದೇಶ ಪರವಾನಗಿ. ಒಟ್ಟಿಗೆ ಹೋಗುವವರಿದ್ದರೂ ಅರ್ಜಿ ಬೇರೆ.

2024ರ ಮಾರ್ಚ್‌ನಲ್ಲಿ ಸೇಲಾ ಸುರಂಗ ತೆರೆದ ಮೇಲೆ ಹಿಮ ಬಿದ್ದಾಗ ತವಾಂಗ್ ಹಾದಿ ಮುಚ್ಚುವುದು ಕಡಿಮೆಯಾಗಿದೆ. ಆದರೂ ಡಿಸೆಂಬರ್‌ನಲ್ಲಿ ಹೋದರೆ ಸಂಜೆ ನಾಲ್ಕೂವರೆಗೇ ಕತ್ತಲು. ಬೆಂಗಳೂರಿನ ಲೆಕ್ಕದಲ್ಲಿ ಹತ್ತು ಗಂಟೆಗೆ ಹೊರಟರೆ ಅರ್ಧ ದಾರಿ ಕತ್ತಲಲ್ಲೇ. ಚಾಲಕ ಬೆಳಗಿನ ಐದಕ್ಕೆ ಬಾಗಿಲು ತಟ್ಟಿದರೆ ಎದ್ದು ಹೊರಡಿ.